ಕುಣಿತದ ಮನೆಗೆ ಬಂದ ಬಸುರಿಯರು

ವಿಭಾಗದ ವಾರ್ತಾಪತ್ರಕ್ಕೆ ಹಳೆಯ ವಿದ್ಯಾರ್ಥಿಗಳಿಂದ ಬರಹ ಬೇಕೆಂಬ ಕರೆ ಬಂದಾಗ ನನಗೆ ಮೊದಲು ಸಂಕೋಚವೇ ಆಯಿತು. ನನ್ನೊಡನೆ ಐಚ್ಛಿಕ ಕನ್ನಡ ಓದಿದವರಲ್ಲಿ ಹೆಚ್ಚಿನವರು ಅಧ್ಯಾಪಕರಾದರು. ಕೆಲವರು ಸ್ಪರ್ಧಾತ್ಮಕ ಪರೀಕ್ಷೆಗಳನ್ನು ಬರೆದು ಕಚೇರಿಗಳನ್ನು ಸೇರಿದರು. ನಾನು ಉದಗೀರದಲ್ಲಿ ಹೆಂಗಸರಿಗೆ ನೃತ್ಯ ಕಲಿಸುತ್ತೇನೆ. ಅದರಲ್ಲಿಯೂ ಬೆಲ್ಲಿ ಡಾನ್ಸ್. ಪುಣೆಯಲ್ಲಿ ಕೆಲವು ವರ್ಷ ಇದ್ದಾಗ ಕಲಿತು, ಅಲ್ಲಿಯೇ ಸಹಾಯಕ ಶಿಕ್ಷಕಿಯಾಗಿದ್ದು, ಊರಿಗೆ ಮರಳಿದ ಮೇಲೆ ನಮ್ಮ ಮನೆಯ ಪಡಸಾಲೆಯಲ್ಲಿ ತರಗತಿ ತೆರೆದೆ. ಹೊಟ್ಟೆಯ ಕುಣಿತವೆಂಬ ಹೆಸರು ಹೇಳಿದರೆ ಈ ಊರಿನಲ್ಲಿ ಯಾರೂ ಬರಲಾರರೆಂದು, ಬಾಗಿಲಿನ ಮೇಲೆ 'ಮಹಿಳೆಯರ ನೃತ್ಯ ವರ್ಗ' ಎಂದಷ್ಟೇ ಮರಾಠಿಯಲ್ಲಿಯೂ ಕನ್ನಡದಲ್ಲಿಯೂ ಬರೆಸಿದ್ದೇನೆ.

ಎರಡು ವರ್ಷಗಳ ಹಿಂದೆ ನವರಾತ್ರಿ ಮುಗಿದ ವಾರ ಒಬ್ಬ ಹೆಣ್ಣುಮಗಳು ಆ ಬಾಗಿಲಿಗೆ ಬಂದು ನಿಂತಳು. ಚೊಚ್ಚಲ ಬಸುರಿ, ಆಗ ಐದನೆಯ ತಿಂಗಳು. "ಅಕ್ಕಾ, ನಾ ಎಂದೂ ಕುಣಿದಕಿ ಅಲ್ಲ. ಈಗ ಕಲೀಬೇಕಂತ ಮನಸ್ಸಾಗ್ಯದ. ಕಲಸ್ತೀರೇನು?" ಎಂದು ಕೇಳಿದಳು. ನಾನು ಯೋಚಿಸದೆ, "ಹೆರಿಗಿ ಆದ ಮ್ಯಾಲ ಬಾ ತಂಗಿ" ಎಂದೆ. ಅವಳು ವಾದಿಸಲಿಲ್ಲ. ಕಾಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತ, "ಆ ಮ್ಯಾಲ ಯಾರು ಬಿಡ್ತಾರ, ಅಕ್ಕಾ" ಎಂದಳು.

ಆ ಮಾತು ರಾತ್ರಿಯವರೆಗೂ ನನ್ನನ್ನು ಬಿಡಲಿಲ್ಲ. ನಾನು ಬೇಡವೆಂದದ್ದು ಅವಳ ಕ್ಷೇಮವನ್ನು ಯೋಚಿಸಿ ಅಲ್ಲ, ನನ್ನ ಹಳೆಯ ಅಂಜಿಕೆಯಿಂದ. ಪುಣೆಯಲ್ಲಿ ಸಹಾಯಕಿಯಾಗಿದ್ದ ಮೊದಲ ವರ್ಷ, ಒಂದು ಸಂಜೆ ನಾನು ಕಲಿಸುತ್ತಿದ್ದ ಗುಂಪಿನಲ್ಲಿ ವೇಗವಾದ ಸುತ್ತುಗಳ ನಡುವೆ ಒಬ್ಬಾಕೆ ತೂರಾಡಿ ಕುಸಿದಳು. ನೀರು ಚಿಮುಕಿಸಿ ಎಬ್ಬಿಸಿದ ಮೇಲೆ, ತನಗೆ ಮೂರು ತಿಂಗಳೆಂದು ಅಳುತ್ತ ಹೇಳಿದಳು. ಅವಳಿಗೂ ಕೂಸಿಗೂ ಕೇಡಾಗಲಿಲ್ಲ. ಆದರೆ ಆ ಸಂಜೆ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತ ಮೂರು ಗಂಟೆಗಳನ್ನು ನಾನು ಮರೆತಿಲ್ಲ. ಅವಳು ಹೇಳಿರಲಿಲ್ಲ, ನಿಜ. ನಾನು ಕೇಳಿರಲೂ ಇಲ್ಲ. ಆ ತಪ್ಪಿನಿಂದ ನಾನು ಕಲಿತದ್ದು ತಪ್ಪು ಪಾಠ: ಕೇಳುವುದನ್ನು ಕಲಿಯುವ ಬದಲು ಬಾಗಿಲು ಮುಚ್ಚುವುದನ್ನು ಕಲಿತೆ.

ಮರುದಿನ ಈ ಸಂಗತಿಯನ್ನು ನಮ್ಮ ಆಯಿಯ ಮುಂದೆ ಹೇಳಿದೆ. ಎಂಬತ್ತು ದಾಟಿದ ಜೀವ. ಆಕೆ ಹುಟ್ಟಿದಾಗ ಉದಗೀರ ನಿಜಾಮರ ರಾಜ್ಯದ ಬೀದರ ಜಿಲ್ಲೆಯಲ್ಲಿತ್ತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಉದಗೀರ, ನಿಲಂಗಾ, ಅಹಮದಪುರ ತಾಲ್ಲೂಕುಗಳು ಬೀದರಿನಿಂದ ಬೇರ್ಪಟ್ಟು ಮುಂಬಯಿ ರಾಜ್ಯವನ್ನು ಸೇರಿದವು. 1982ರಲ್ಲಿ ಲಾತೂರು ಜಿಲ್ಲೆಯಾಯಿತು. ಆಯಿ ಮಾತ್ರ ಇದ್ದ ಮನೆಯಲ್ಲೇ ಇದ್ದು, ಆಡುವ ಕನ್ನಡವನ್ನೇ ಆಡಿಕೊಂಡು ಬಂದಳು. ನನ್ನ ಮಾತು ಕೇಳಿ ಆಕೆ ನಕ್ಕಳು. "ಬಸರಿ ಇದ್ದಕಿ ಕುಣೀಬಾರದಂತ ನಿನಗ ಯಾರು ಹೇಳ್ಯಾರ? ಬುಲಾಯಿ ಆಡುಮುಂದ ನಿಮ್ಮಪ್ಪ ನನ್ನ ಹೊಟ್ಟ್ಯಾಗಿದ್ದ. ಫುಗಡಿ ಮಾತ್ರ ಹಾಕಗೊಡಲಿಲ್ಲ ನಮ್ಮತ್ತಿ. ನಡುವ ನಿಂದರಿಸಿ, ನೀ ಚಪ್ಪಾಳಿ ಹೊಡಿ, ಹಾಡು ಹೇಳು, ಕಾಲು ಮೆಲ್ಲಕ ಹಾಕು ಅಂದಿದ್ದರು."

ಬೀದರ ಸೀಮೆಯ ಜನಪದ ಗೀತೆಗಳನ್ನು ಓದಿದವರಿಗೆ ಬುಲಾಯಿ ಹಾಡುಗಳ ಪರಿಚಯವಿರುತ್ತದೆ. ಬೆಳದಿಂಗಳಲ್ಲಿ ಹೆಂಗಸರು ದುಂಡಗೆ ನಿಂತು, ಬಾಗಿ, ಚಪ್ಪಾಳೆ ತಟ್ಟಿ, ಹಾಡುತ್ತ ಸುತ್ತುವ ಆಟವದು. ಫುಗಡಿಯಲ್ಲಿ ಇಬ್ಬರು ಕೈ ಹೆಣೆದು, ಪಾದ ಕೂಡಿಸಿ, ಹಿಂದಕ್ಕೆ ವಾಲಿ, ಗಿರಗಿರನೆ ತಿರುಗುತ್ತಾರೆ. ಆಯಿಯ ಅತ್ತೆಗೆ ಓದು ಬರುತ್ತಿರಲಿಲ್ಲ. ಆದರೂ ಕುಣಿತವನ್ನು ಪೂರ್ತಿ ಬೇಡವೆನ್ನದೆ, ಅದರೊಳಗೆ ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ ಎಂದು ವಿಂಗಡಿಸಿದ್ದಳು. ಪ್ರಮಾಣಪತ್ರ ಪಡೆದ ನನಗೆ ಆ ವಿಂಗಡಣೆ ಹೊಳೆದಿರಲಿಲ್ಲ.

ಬೆಲ್ಲಿ ಡಾನ್ಸಿನ ಬಗೆಗೆ ಎರಡು ಮಾತು ಹೇಳಬೇಕು. ಅರಬ್ಬಿಯಲ್ಲಿ ಇದನ್ನು ರಕ್ಸ್ ಶರ್ಕಿ ಎನ್ನುತ್ತಾರೆ; ಪೂರ್ವದ ನೃತ್ಯ ಎಂದರ್ಥ. ಈಜಿಪ್ಟಿನಲ್ಲಿ ಮನೆಮನೆಯ ಮದುವೆ ಮುಂಜಿಗಳಲ್ಲಿ ಹೆಂಗಸರು ಕುಣಿಯುವ ಸರಳ ರೂಪಕ್ಕೆ ಬಲದಿ ಎಂಬ ಹೆಸರಿದೆ. 'ಬಲದ್' ಎಂದರೆ ನಾಡು, ಊರು. ಬಲದಿ ಎಂದರೆ ನಮ್ಮ ಮಾತಿನಲ್ಲಿ 'ದೇಸಿ'. 'ಹೊಟ್ಟೆಯ ಕುಣಿತ' ಎಂಬುದು ಹೊರಗಿನವರು ಇಟ್ಟ ಹೆಸರು: ಮೊದಲು ಫ್ರೆಂಚರ ಬಾಯಲ್ಲಿ ಬಂದು, 1893ರ ಷಿಕಾಗೊ ವಿಶ್ವಮೇಳದ ಸುಮಾರಿಗೆ ಅಮೆರಿಕದಲ್ಲಿ ಮನೆಮಾತಾಯಿತು. ಇದು ಹೆರಿಗೆಯ ಸಿದ್ಧತೆಗಾಗಿಯೇ ಹುಟ್ಟಿದ ನೃತ್ಯವೆಂದು ಹಲವರು ಹೇಳುತ್ತಾರೆ. ಅದಕ್ಕೆ ಗಟ್ಟಿಯಾದ ಚಾರಿತ್ರಿಕ ಆಧಾರವಿಲ್ಲ; ಆದ್ದರಿಂದ ನನ್ನ ತರಗತಿಯಲ್ಲಿ ನಾನು ಆ ಮಾತನ್ನು ಹೇಳುವುದಿಲ್ಲ. ಈ ನೃತ್ಯದ ಜೀವ ಸೊಂಟದಲ್ಲಿದೆ, ನೆಗೆತದಲ್ಲಿ ಇಲ್ಲ. ಪಾದ ನೆಲ ಬಿಡದೆ, ಮೊಣಕಾಲು ಮೆತ್ತಗೆ ಮಡಿಸಿ, ಸೊಂಟವನ್ನು ನಿಧಾನವಾಗಿ ಸುತ್ತಿಸುವ ಚಲನೆಗಳು ಇದರಲ್ಲಿ ಹೇರಳವಾಗಿವೆ. ಬೀಸುವ ಕಲ್ಲಿನ ಮುಂದೆ ಕುಳಿತ ಆಯಿಯ ನಡು ತಿರುಗುತ್ತಿದ್ದ ಬಗೆಯನ್ನು ಚಿಕ್ಕಂದಿನಲ್ಲಿ ನೋಡಿದ್ದ ನನಗೆ, ಪುಣೆಯಲ್ಲಿ ಮೊದಲ ದಿನ ಕಲಿಸಿದ ಸೊಂಟದ ಸುತ್ತು ಹೊಸದೆನಿಸಿರಲಿಲ್ಲ.

ಆದರೂ ಬಸುರಿಗೆ ಕಲಿಸುವುದಕ್ಕೆ ಅಜ್ಜಿಯ ನೆನಪು ಸಾಲದು. ಊರಿನ ಒಬ್ಬ ಹೆರಿಗೆ ತಜ್ಞೆಯ ಬಳಿ ಹೋಗಿ, ನನ್ನ ಪ್ರತಿಯೊಂದು ಚಲನೆಯನ್ನೂ ಮಾಡಿ ತೋರಿಸಿ, ಆಗುವುದು ಆಗದ್ದನ್ನು ಕೇಳಿ ಬರೆದುಕೊಂಡೆ. ಅವರು ಹೇಳಿದ ಮೊದಲ ಸಂಗತಿಯೇ ನನಗೆ ಹೊಸದಾಗಿತ್ತು: ತೊಡಕಿಲ್ಲದ ಬಸುರಿಗೆ ವಾರಕ್ಕೆ ಒಟ್ಟು 150 ನಿಮಿಷಗಳಷ್ಟು ಮಧ್ಯಮ ಪ್ರಮಾಣದ ಶ್ರಮವಾದರೂ ಇರಲೆಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯೇ ಹೇಳುತ್ತದೆ. ಹಿಂದೆ ಅಭ್ಯಾಸವಿಲ್ಲದವಳೂ ತೊಡಗಬಹುದು. ಆದರೆ ಸ್ವಲ್ಪದರಿಂದ ತೊಡಗಿ ಮೆಲ್ಲಗೆ ಏರಬೇಕು.

ಬಸುರಿನಲ್ಲಿ ಮೈ ಹೇಗೆ ಬದಲಾಗುತ್ತದೆಂಬುದನ್ನು ತಿಳಿದರೆ ನಿಯಮಗಳನ್ನು ಬಾಯಿಪಾಠ ಮಾಡಬೇಕಿಲ್ಲ. ರಿಲ್ಯಾಕ್ಸಿನ್ ಮೊದಲಾದ ಹಾರ್ಮೋನುಗಳ ಪ್ರಭಾವದಿಂದ ಕೀಲುಗಳ ಕಟ್ಟುಗಳು ಸಡಿಲುತ್ತವೆ. ಆದ್ದರಿಂದ ತಟ್ಟನೆ ಹೊರಳುವುದು, ಒಂದೇ ಕಾಲ ಮೇಲೆ ಭಾರ ಹಾಕುವುದು ಸಲ್ಲದು. ಹೊಟ್ಟೆ ಬೆಳೆದಂತೆ ಮೈಯ ಭಾರ ಮುಂದಕ್ಕೆ ಸರಿದು ಬೆನ್ನಿನ ಕೆಳಭಾಗ ಒಳಬಾಗುತ್ತದೆ. ಆದ್ದರಿಂದ ಹಿಂದಕ್ಕೆ ಬಾಗುವ ಭಂಗಿ ಬೇಡ. ಹೊಟ್ಟೆಯ ನಡುವಿನ ಸ್ನಾಯುಗಳು ಎರಡು ಬದಿಗೆ ಸರಿದು ಕೂಸಿಗೆ ಎಡೆಮಾಡುತ್ತವೆ. ಆದ್ದರಿಂದ ಹೊಟ್ಟೆಯನ್ನು ಬಿಗಿದು ಅಲೆಯಂತೆ ಉರುಳಿಸುವ, ಈ ನೃತ್ಯದ ಪ್ರಸಿದ್ಧ ಚಲನೆಯನ್ನೇ ನಾನು ಬಿಡಬೇಕಾಯಿತು. ತಿಂಗಳು ತುಂಬಿದಂತೆ ಅಂಗಾತ ಮಲಗಿದರೆ ಗರ್ಭದ ಭಾರ ಹೃದಯಕ್ಕೆ ರಕ್ತ ಒಯ್ಯುವ ದೊಡ್ಡ ನಾಳವನ್ನು ಒತ್ತುತ್ತದೆ; ಆದ್ದರಿಂದ ನೆಲದ ಮೇಲೆ ಬೆನ್ನು ಹಚ್ಚಿ ಮಾಡುವ ವ್ಯಾಯಾಮವೂ ಇಲ್ಲ. ವೇಗದ ಸುತ್ತು, ನೆಗೆತ, ಜೋರಾದ ನಡುಕದ ಕುಣಿತ ಇವೂ ಹೋದವು.

ಇಷ್ಟನ್ನು ತೆಗೆದರೆ ಉಳಿಯುವುದೇನು ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡೆ. ಉಳಿದದ್ದು ಸೊಂಟದ ಸಣ್ಣ ಸುತ್ತು, ಎಡಬಲದ ತೂಗು, ಹೆಗಲು ತೋಳುಗಳ ಅಲೆ, ಮೆಲ್ಲನೆಯ ಹೆಜ್ಜೆ, ಮತ್ತು ಇಂಗ್ಲಿಷಿನ ಎಂಟರ ಅಂಕೆಯನ್ನು ಮಲಗಿಸಿದಂತೆ ಸೊಂಟ ಬರೆಯುವ ರೇಖೆ. ಕನ್ನಡದ ಎಂಟಕ್ಕೆ ಆ ಆಕಾರವಿಲ್ಲ. ಆದ್ದರಿಂದ ನನ್ನ ಎರಡು ಬಳೆಗಳನ್ನು ಕಳಚಿ ನೆಲದ ಮೇಲೆ ಪಕ್ಕಪಕ್ಕದಲ್ಲಿಟ್ಟು, "ಈ ಬಳೀ ಸುತ್ತಿ, ನಡುವ ದಾಟಿ, ಆ ಬಳೀ ಸುತ್ತರಿ" ಎಂದು ತೋರಿಸುತ್ತೇನೆ. ಬೇಡದ್ದು ಹೋದ ಮೇಲೆ ಉಳಿದ ಈ ನಾಲ್ಕಾರು ಚಲನೆಗಳೇ ಬಲದಿಯ ತಿರುಳೆಂದು ನನಗೆ ಆಗ ತಿಳಿಯಿತು.

ತರಗತಿಯ ಕಟ್ಟಳೆಗಳು ಹೀಗಾದವು. ವೈದ್ಯರ ಒಪ್ಪಿಗೆಯ ಚೀಟಿ ಇಲ್ಲದೆ ಯಾರನ್ನೂ ಸೇರಿಸಿಕೊಳ್ಳುವುದಿಲ್ಲ. ರಕ್ತಸ್ರಾವ, ಕೆಳಗೆ ಕುಳಿತ ಮಾಸು, ಏರಿದ ರಕ್ತದೊತ್ತಡ, ತಿಂಗಳು ತುಂಬುವ ಮುನ್ನ ನೋವು ಬರುವ ಭಯ, ಹೃದಯದ ಕಾಯಿಲೆ, ತೀವ್ರ ರಕ್ತಹೀನತೆ ಇವುಗಳಲ್ಲಿ ಯಾವುದಿದ್ದರೂ ತರಗತಿ ಬೇಡ. ಕೊನೆಯದು ನಮ್ಮ ನಾಡಿನಲ್ಲಿ ಸಣ್ಣ ಮಾತಲ್ಲ: 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದ ಗರ್ಭಿಣಿಯರಲ್ಲಿ ಶೇಕಡಾ 52.2ರಷ್ಟು ಮಂದಿಗೆ ಒಂದಿಲ್ಲೊಂದು ಪ್ರಮಾಣದ ರಕ್ತಹೀನತೆ ಇದೆ. ಪ್ರತಿ ತಿಂಗಳ 9ರಂದು ಸರಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ; 2016ರಿಂದ ನಡೆದು ಬಂದ ಏರ್ಪಾಡಿದು. ಆ ದಿನ ನನ್ನ ತರಗತಿಗೆ ರಜೆ. ತಪಾಸಣೆಗೆ ಹೋಗಿಬಂದವರು ಮರುದಿನ ಕಾರ್ಡು ತೋರಿಸಬೇಕು.

ವಾರಕ್ಕೆ ಎರಡು ದಿನ, ಮುಂಜಾನೆ, ನಲವತ್ತು ನಿಮಿಷ. ಮರಾಠವಾಡದ ಬೇಸಿಗೆಯಲ್ಲಿ ಹತ್ತು ಗಂಟೆಯ ಮೇಲೆ ಪಡಸಾಲೆ ಒಲೆಯಾಗುತ್ತದೆ. ಬಸುರಿಗೆ ಮೈ ಕಾಯುವುದು ಒಳ್ಳೆಯದಲ್ಲ. ನಮ್ಮದು ಶಹಾಬಾದ ಫರಸಿಯ ನೆಲ. ಅದರ ಮೇಲೆ ಚಾಪೆ ಹಾಸಿದರೆ ಜಾರುತ್ತದೆ, ನೀರು ಬಿದ್ದರೆ ಇನ್ನೂ ಜಾರುತ್ತದೆ. ಆದ್ದರಿಂದ ಒರೆಸಿ ಒಣಗಿಸಿದ ಬರಿನೆಲದಲ್ಲಿ ಬರಿಗಾಲಿನಲ್ಲಿ ಅಭ್ಯಾಸ. ಪ್ರತಿಯೊಬ್ಬರ ಪಕ್ಕದಲ್ಲಿ ಒಂದು ಕುರ್ಚಿ, ಒಂದು ತಂಬಿಗೆ ನೀರು. ನಾಣ್ಯಗಳ ಸೊಂಟಪಟ್ಟಿಯನ್ನು ಹೊಟ್ಟೆಯ ಕೆಳಗೆ ಸಡಿಲವಾಗಿ ಕಟ್ಟಬೇಕು.

ಶ್ರಮ ಹೆಚ್ಚಾಯಿತೋ ಇಲ್ಲವೋ ಎಂದು ತಿಳಿಯುವುದು ಹೇಗೆ? ದಣಿವಿನ ನಡುವೆಯೂ ಮಾತನಾಡಲು ಬರುವಂತಿರಬೇಕೆಂದು ವೈದ್ಯರು ಹೇಳಿದರು. ಇದನ್ನು ಕೇಳಿದೊಡನೆ ನನಗೆ ಬುಲಾಯಿಯ ನೆನಪಾಯಿತು. ಅಲ್ಲಿ ಹಾಡುವವರೂ ಕುಣಿಯುವವರೂ ಬೇರೆಬೇರೆಯಲ್ಲ; ಹಾಡು ನಿಂತರೆ ಕುಣಿತವೂ ನಿಲ್ಲುತ್ತದೆ. ಅರಬ್ಬಿ ಸಂಗೀತದ ಧ್ವನಿಮುದ್ರಿಕೆಯನ್ನು ಬದಿಗಿರಿಸಿ, ಹೆಂಗಸರಿಂದ ಅವರವರ ಮನೆಯ ಹಾಡುಗಳನ್ನೇ ಹಾಡಿಸಿ ಸೊಂಟ ತೂಗಿಸಲು ತೊಡಗಿದೆ. ಯಾರ ದನಿ ತುಂಡಾಗುತ್ತದೆಯೋ ಅವಳು ಕುಳಿತುಕೊಳ್ಳಬೇಕು. ಇದಕ್ಕಿಂತ ಸುಲಭವಾದ ಅಳತೆಗೋಲು ನನಗೆ ದೊರೆತಿಲ್ಲ.

ಮೊದಲು ತಿರುಗಿ ಹೋದವಳನ್ನು ನಾನೇ ಮನೆಗೆ ಹೋಗಿ ಕರೆದೆ. ಅವಳ ಅತ್ತೆ ಒಪ್ಪಲಿಲ್ಲ. "ಬಸರಿ ಹೆಣಮಗಳಿಗಿ ಕುಣಸ್ತೀರಿ? ಹೆಚ್ಚುಕಡಿಮಿ ಆದರ ಯಾರು ಜವಾಬ್ದಾರಿ, ಬಾಯಿ?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಆದರೆ ನಾವು ಮಾತನಾಡುತ್ತಿದ್ದಂತೆ ನಳಕ್ಕೆ ನೀರು ಬಂತು. ಆ ಹುಡುಗಿ ತುಂಬಿದ ಕೊಡವನ್ನು ಸೊಂಟದ ಒಂದೇ ಬದಿಗೆ ಏರಿಸಿಕೊಂಡು ಮೂರು ಸಲ ಮೆಟ್ಟಿಲು ಹತ್ತಿದಳು. ಅದರ ಜವಾಬ್ದಾರಿಯನ್ನು ಯಾರೂ ಕೇಳಲಿಲ್ಲ. ನಾನು ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಎದ್ದು ನಾಲ್ಕನೆಯ ಕೊಡವನ್ನು ನಾನು ಹೊತ್ತೆ. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಡಾಕ್ಟರಬಾಯಿ ಹೂಂ ಅಂದರ ಕಳಸ್ತೀನಿ" ಎಂದರು. ಡಾಕ್ಟರು ಹೂಂ ಎಂದರು.

ಚಳಿಗಾಲ ತೊಡಗುವಷ್ಟರಲ್ಲಿ ಐದು ಮಂದಿ ಬಸುರಿಯರಾದರು. ಇಬ್ಬರ ಮನೆಮಾತು ಕನ್ನಡ, ಇಬ್ಬರದು ಮರಾಠಿ, ಒಬ್ಬರದು ದಖನಿ ಉರ್ದು. ನಾನು ಕನ್ನಡ ಓದಿದ್ದು ಇಲ್ಲಿ ಕೆಲಸಕ್ಕೆ ಬಂತು. ತಲೆಸುತ್ತಿಗೆ ಒಬ್ಬಳು 'ಚಕ್ಕರ್' ಎಂದರೆ ಇನ್ನೊಬ್ಬಳು 'ಘೇರಿ' ಎನ್ನುತ್ತಾಳೆ. ಮತ್ತೊಬ್ಬಳು 'ಕಣ್ಣಿಗಿ ಕತ್ತಲಿ ಬರ್ತದ' ಎನ್ನುತ್ತಾಳೆ. ಹೊಟ್ಟೆ ಗಟ್ಟಿಯಾಗುವುದಕ್ಕೆ 'ಹೊಟ್ಟಿ ಕಲ್ಲಾಗ್ಯದ' ಎಂಬ ಮಾತಿದೆ. ಕೂಸಿನ ಚಲನೆಗೆ 'ಹೊಳ್ಳತದ', 'ಮಿಸಕ್ಯಾಡತದ' ಎಂಬ ಮಾತುಗಳಿವೆ. ನಾಚಿಕೆಯ ಸಂಗತಿಗಳಿಗೆ, ಅಂದರೆ ರಕ್ತ ಕಾಣುವುದಕ್ಕೆ, ನೀರು ಒಸರುವುದಕ್ಕೆ, ಯಾರೂ ನೇರವಾದ ಮಾತನ್ನೇ ಬಳಸುವುದಿಲ್ಲ. 'ಬಟ್ಟಿ ಹಸಿ ಆಗ್ಯಾವ' ಎಂಬಷ್ಟರಲ್ಲಿ ನಾವು ಅರಿತುಕೊಳ್ಳಬೇಕು. ವೈದ್ಯಕೀಯ ಕೈಪಿಡಿಯ 'ಅಪಾಯದ ಲಕ್ಷಣಗಳು' ಎಂಬ ಪಟ್ಟಿ ಈ ಮಾತುಗಳಿಗೆ ಇಳಿಯದಿದ್ದರೆ ಅದು ಗೋಡೆಯ ಮೇಲಿನ ಕಾಗದವಷ್ಟೇ. ನಾನು ಒಂದು ವಹಿಯನ್ನು ಇಟ್ಟು, ಲಕ್ಷಣಗಳ ಮುಂದೆ ಅವರವರು ಆಡಿದ ಮಾತುಗಳನ್ನು ಬರೆಯುತ್ತ ಹೋದೆ. ತರಗತಿಯ ಮೊದಲ ಐದು ನಿಮಿಷ ಒಬ್ಬೊಬ್ಬರನ್ನೂ ಅವರ ಮಾತಿನಲ್ಲಿಯೇ ಕೇಳುವುದು ನಿಯಮವಾಯಿತು.

ಆ ಹುಡುಗಿಗೆ ಏಳು ತುಂಬಿ, ಕುಬಸವಾಗಿ, ಎಂಟರಲ್ಲಿ ಬಿದ್ದಿತ್ತು. ಒಂದು ಮುಂಜಾನೆ ಎಂದಿನಂತೆ ಕೇಳಿದೆ. "ಆರಾಮ ಇದ್ದೀನಿ, ಅಕ್ಕಾ" ಎಂದಳು. ಹಾಡು ತೊಡಗಿತು. ಅವಳ ಸೊಂಟದ ಸುತ್ತು ಅಂದು ಚೆನ್ನಾಗಿಯೇ ಬರುತ್ತಿತ್ತು, ತಾಳ ತಪ್ಪಿರಲಿಲ್ಲ. ಆದರೆ ಮುಖ ಸ್ವಲ್ಪ ಊದಿದಂತೆ ಕಂಡಿತು; ಬೆರಳಿನ ಉಂಗುರವೂ ಇರಲಿಲ್ಲ. ನಿಲ್ಲಿಸಿ, ಕುರ್ಚಿಯಲ್ಲಿ ಕೂರಿಸಿ ಮತ್ತೆ ಕೇಳಿದೆ. ಉಂಗುರ ಬಿಗಿಯಾಯಿತೆಂದು ತೆಗೆದಿಟ್ಟಿದ್ದಳು. ರಾತ್ರಿಯಿಂದ ತಲೆ ಸಿಡಿಯುತ್ತಿತ್ತು. ಕೂಸು ಹೊಳ್ಳುತ್ತದೆಯೇ ಎಂದರೆ, ಸುಮ್ಮನೆ ನೆಲ ನೋಡಿ, "ನಿನ್ನಿ ಸಂಜಿಯಿಂದ ಕಡಿಮಿ ಅನಸ್ತದ" ಎಂದಳು. ಇವು ನಾಳೆಗೆ ಬಿಡುವ ಸಂಗತಿಗಳಲ್ಲವೆಂದು ನನ್ನ ವಹಿಯ ಮೊದಲ ಪುಟದಲ್ಲೇ ಬರೆದಿತ್ತು. ಆಟೋ ಕರೆಸಿ ನೇರವಾಗಿ ಆಸ್ಪತ್ರೆಗೆ ಹೋದೆವು. ರಕ್ತದೊತ್ತಡ ಬಹಳ ಏರಿತ್ತು. ಅಂದೇ ಒಳಗೆ ಸೇರಿಸಿಕೊಂಡರು. ಕೆಲವು ದಿನ ಕಾದು ನೋಡಿ, ಶಸ್ತ್ರಕ್ರಿಯೆ ಮಾಡಿ ಹೆರಿಗೆ ಮಾಡಿಸಿದರು. ತಿಂಗಳು ತುಂಬದ ಸಣ್ಣ ಕೂಸು. ಕೆಲವು ವಾರ ಗಾಜಿನ ಪೆಟ್ಟಿಗೆಯಲ್ಲಿದ್ದು ಮನೆಗೆ ಬಂತು.

ಆ ವಾರಗಳಲ್ಲಿ ಓಣಿಯ ತುಂಬ ಒಂದೇ ಮಾತು: ಕುಣಿಸಿ ಕೆಡಿಸಿದರು. ಒತ್ತಡ ಏರಿದ್ದಕ್ಕೂ ಕುಣಿತಕ್ಕೂ ಸಂಬಂಧವಿಲ್ಲವೆಂದು ವೈದ್ಯರು ಸ್ಪಷ್ಟವಾಗಿ ಹೇಳಿದರು. ಚೊಚ್ಚಲ ಬಸುರಿನಲ್ಲಿ ಇದು ಹೆಚ್ಚಾಗಿ ಕಾಣಿಸುವಂಥದು ಎಂದೂ ವಿವರಿಸಿದರು. ಆದರೂ ನಾನು ತರಗತಿ ನಿಲ್ಲಿಸಿದೆ. ಬಾಗಿಲು ಮುಚ್ಚುವ ಹಳೆಯ ಚಾಳಿ ಮತ್ತೆ ಮೈಮೇಲೆ ಬಂದಿತ್ತು.

ಆ ದಿನಗಳಲ್ಲಿ ನನಗೆ ಮತ್ತೆ ಮತ್ತೆ ನೆನಪಾದದ್ದು, ಪದವಿಯ ತರಗತಿಯಲ್ಲಿ ಓದಿದ ನೀಲಾಂಜನೆಯ ಪ್ರಸಂಗ. ಪಂಪನ ಆದಿಪುರಾಣದಲ್ಲಿ ದೇವನರ್ತಕಿ ಕುಣಿಯುತ್ತಿರುವಾಗಲೇ ಅವಳ ಆಯುಸ್ಸು ತೀರುತ್ತದೆ. ರಸಭಂಗವಾಗಬಾರದೆಂದು ಇಂದ್ರ ಆ ಕ್ಷಣವೇ ಅವಳಂಥ ಇನ್ನೊಬ್ಬಳನ್ನು ನಿರ್ಮಿಸಿ ನಿಲ್ಲಿಸುತ್ತಾನೆ. ಸಭೆಗೆ ಗೊತ್ತಾಗುವುದಿಲ್ಲ, ಆದಿದೇವನೊಬ್ಬನೇ ಅದನ್ನು ಕಾಣುತ್ತಾನೆ. ಪರೀಕ್ಷೆಯಲ್ಲಿ ನಾವೆಲ್ಲ ಇದನ್ನು ವೈರಾಗ್ಯದ ಸಂದರ್ಭವೆಂದು ಬರೆದು ಅಂಕ ಪಡೆದವರು. ಈಗ ನನಗೆ ಅದರಲ್ಲಿ ಇನ್ನೊಂದು ಕಾಣುತ್ತದೆ. ಸಭೆ ನೃತ್ಯವನ್ನು ನೋಡುತ್ತಿತ್ತು, ತಾಳ ತಪ್ಪಲಿಲ್ಲವಾದ್ದರಿಂದ ಅದಕ್ಕೆ ಎಲ್ಲವೂ ಸರಿಯಾಗಿತ್ತು. ಅವನು ನರ್ತಕಿಯನ್ನು ನೋಡುತ್ತಿದ್ದ. ಪುಣೆಯಲ್ಲಿ ನಾನು ಸಭೆಯಲ್ಲಿ ಕುಳಿತವಳಾಗಿದ್ದೆ. ಇಲ್ಲಿ, ತಾಳ ಸರಿಯಿದ್ದ ಆ ಮುಂಜಾನೆ, ಉಂಗುರವಿಲ್ಲದ ಬೆರಳನ್ನು ಕಂಡೆ. ಕಲಿಸುವವಳಿಗೆ ಬೇಕಾದ ಕಣ್ಣು ಅಷ್ಟೇ. ಅದನ್ನು ಗಳಿಸಲು ನನಗೆ ಇಷ್ಟು ವರ್ಷ ಬೇಕಾಯಿತು.

ಒಂದು ದಿನ ಆ ಹುಡುಗಿಯ ಅತ್ತೆ ಬಂದರು. ಬೈಯಲು ಬಂದರೆಂದುಕೊಂಡೆ. ಅವರು ಕುಳಿತು, ನೀರು ಕುಡಿದು, "ಮನ್ಯಾಗ ನಾವು ನಾಕ ಮಂದಿ ಇದ್ದೆವು, ಬಾಯಿ. ಕೂಸು ಹೊಳ್ಳತದೇನು ಅಂತ ನಮಗ್ಯಾರಿಗೂ ಕೇಳಬೇಕನಸಲಿಲ್ಲ" ಎಂದರು. ಆಮೇಲೆ ಹೆಚ್ಚು ಮಾತನಾಡಲಿಲ್ಲ. ಕುಣಿತ ಒಳ್ಳೆಯದೆಂದೂ ಹೇಳಲಿಲ್ಲ. ಮುಂದಿನ ವಾರ ನಾನು ಬಾಗಿಲು ತೆರೆದೆ. ಈಗ ಮೂವರು ಬರುತ್ತಾರೆ. ಒಬ್ಬಳನ್ನು ರಕ್ತ ಕಡಿಮೆಯಿದೆಯೆಂದು ಕಳೆದ ತಿಂಗಳು ತಿರುಗಿ ಕಳುಹಿಸಿದೆ. ಗುಳಿಗೆ ತಿಂದು, ರಕ್ತ ಏರಿದ ಮೇಲೆ ವೈದ್ಯರ ಚೀಟಿಯೊಡನೆ ಬರಲು ಹೇಳಿದ್ದೇನೆ. 'ಬೇಡ' ಎನ್ನುವುದಕ್ಕೂ 'ಇಂದು ಬೇಡ, ಇದಕ್ಕಾಗಿ ಬೇಡ' ಎನ್ನುವುದಕ್ಕೂ ನಡುವೆ ಇರುವ ದೂರ ಈಗ ನನಗೆ ತಿಳಿದಿದೆ.

ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ನನ್ನ ವಹಿಯಲ್ಲಿ ಇನ್ನೂ ಬಹಳ ಪುಟಗಳು ಖಾಲಿ ಇವೆ. ಔರಾದ, ಭಾಲ್ಕಿ, ಉಮರ್ಗಾ, ನಿಲಂಗಾ ಕಡೆಯ ನಿಮ್ಮ ಹಳ್ಳಿಗಳಲ್ಲಿ ಬಸುರಿಯರು ತಲೆಸುತ್ತಿಗೆ, ಕಾಲಿನ ಬಾವಿಗೆ, ಹೊಟ್ಟೆ ಬಿಗಿಯುವುದಕ್ಕೆ, ಕೂಸಿನ ಹೊರಳಾಟಕ್ಕೆ ಯಾವ ಮಾತುಗಳನ್ನು ಬಳಸುತ್ತಾರೆ? ನಿಮ್ಮ ಅವ್ವ, ಆಯಿ, ಅತ್ತೆಯರನ್ನು ಕೇಳಿ ಬರೆದು ವಿಭಾಗಕ್ಕೆ ಕೊಡಿರಿ. ನಾನು ಬಂದು ಒಯ್ಯುತ್ತೇನೆ. ಜಾನಪದ ಪತ್ರಿಕೆಯ ಕಿರುಪ್ರಬಂಧಕ್ಕೂ ಅದು ನಿಮಗೆ ಒದಗೀತು. ಕೇಳುವಾಗ ಅವಸರ ಮಾಡಬೇಡಿರಿ. ಮೊದಲ ಸಲ ಎಲ್ಲರೂ "ಆರಾಮ ಇದ್ದೀನಿ" ಎಂದೇ ಹೇಳುತ್ತಾರೆ. ಎರಡನೆಯ ಸಲ ಕೇಳಿರಿ.